ಹಳದಿ ಕೋಟಿನ ಗೊಂಬೆ

ಗುಬ್ಬಿಯ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕೆಂದು ಮೊದಲು ಬಾಯಿಬಿಟ್ಟವಳು ಅಜ್ಜಿಯೇ.

ಪರೀಕ್ಷೆಯ ಅಂಕ ಬಂದಿದ್ದವು. ಗಣಿತದಲ್ಲಿ ಮೊಮ್ಮಗಳು ಕೂದಲೆಳೆಯಲ್ಲಿ ಪಾರಾಗಿದ್ದಳು. ಮೊದಲು ಯಾರು ಬೈಯಬೇಕೆಂದು ಮಗ ಸೊಸೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಊಟದ ಮೇಜಿನ ತುದಿಯಿಂದ ಅಜ್ಜಿ ತೀರ್ಪು ಕೊಟ್ಟಳು.

“ಬೈದು ಬೈದು ಗಂಟಲು ಯಾಕೆ ಹರ್ಕೋತೀರಿ? ಆ ಫೋನು ಕಿತ್ಕೊಂಡು ಬೀಗ ಜಡೀರಿ. ತಾನಾಗೇ ದಾರಿಗೆ ಬರ್ತಾಳೆ.”

“ಅಜ್ಜಿ, ನೀನು ಯಾರ ಕಡೆ?” ಎಂದಳು ಗುಬ್ಬಿ.

“ನಾನು ಓದೋರ ಕಡೆ. ತಿನ್ನು, ಅನ್ನ ಆರ್ತಿದೆ.”

ಗುಬ್ಬಿಗೆ ಹದಿನಾಲ್ಕು ವರ್ಷ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಂಟಿಕೊಂಡ ಹೆಸರು, ಅವಳು ಅಪ್ಪನ ಭುಜದೆತ್ತರಕ್ಕೆ ಬಂದರೂ ಬಿಟ್ಟಿರಲಿಲ್ಲ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಮ್ಮ ದೊಡ್ಡ ದಿನಸಿ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವಳು. ಇಬ್ಬರೂ ಬೆಳಗಾಗುತ್ತಲೇ ಹೊರಟರೆ ಕತ್ತಲಾಗುವಾಗ ವಾಪಸು. ನಡುವಿನ ಹೊತ್ತೆಲ್ಲ ಮನೆ ಅಜ್ಜಿಯ ಕೈಯಲ್ಲಿ. ಅಡುಗೆ, ಪಾತ್ರೆ, ಬಟ್ಟೆ, ತರಕಾರಿ ತರುವುದು, ನೀರು ಬಂದಾಗ ಮೋಟರು ಹಾಕುವುದು, ಎಲ್ಲ ಅವಳದೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ಅವಳು. ಹಾಸಿಗೆಯ ಬಟ್ಟೆ, ಡಾಕ್ಟರರ ಕೋಟು, ನರ್ಸುಗಳ ಉಡುಪು ಅಂತ ಅಲ್ಲಿ ಎಲ್ಲವೂ ಬಿಳಿ. ಅವಳು ತೊಡುತ್ತಿದ್ದದ್ದು ಬೂದು ಬಣ್ಣದ ಸಮವಸ್ತ್ರ. ನಿವೃತ್ತಿಯಾದ ಮೇಲೂ ಅದೇ ಬೂದು, ಅದೇ ಕಂದು. ಬಣ್ಣ ಅಂದರೆ ಕೊಳೆ ಕಾಣದಿರಬೇಕು ಅನ್ನುವುದು ಅವಳ ಲೆಕ್ಕ.

ಫೋನಿಗೆ ಬೀಗ ಬಿದ್ದ ಮಾರನೆಯ ದಿನ ಗುಬ್ಬಿ ಅಜ್ಜಿಯ ಮಂಚದ ಅಂಚಿಗೆ ಬಂದು ಕೂತಳು. ಇಬ್ಬರದೂ ಒಂದೇ ಕೋಣೆ.

“ಅಜ್ಜಿ, ನಿನ್ನ ಫೋನಲ್ಲಿ ನನ್ನ ಆಟ ಹಾಕ್ಕೊಳ್ಲಾ? ಒಂದೇ ಒಂದು ಆಟ.”

“ನಿನ್ನೆ ತಾನೇ ಬೀಗ ಹಾಕ್ಸಿದೀನಿ. ನನ್ನ ಬಾಯಿಗೆ ಬೆಲೆ ಬೇಡ್ವಾ?”

“ಆಡಲ್ಲ ಅಜ್ಜಿ. ಗೊಂಬೆಗೆ ದಿನಾ ಒಂದು ಉಡುಗೊರೆ ಡಬ್ಬಿ ಬರತ್ತೆ. ಒಂದು ದಿನ ತಪ್ಪಿದ್ರೂ ಇಲ್ಲೀವರೆಗೆ ಕೂಡಿಟ್ಟಿದ್ದೆಲ್ಲ ಮಣ್ಣುಪಾಲು. ನಾನು ಸ್ಕೂಲಲ್ಲಿರೋವಾಗ ನೀನೇ ಒತ್ತಿಬಿಡು. ನಾನು ಮುಟ್ಟೋದೂ ಇಲ್ಲ.”

ಅಜ್ಜಿಗೆ ಪಾಪ ಅನ್ನಿಸಿತು. ಬೀಗದ ಸಲಹೆ ತನ್ನದೇ ಎಂಬ ಮುಳ್ಳು ಬೇರೆ ಇತ್ತು. ಸರಿ, ಒತ್ತುವುದು ತಾನೇ, ಒತ್ತಿದರಾಯಿತು ಎಂದಳು.

ಹೀಗೆ ಶುರುವಾಯಿತು. ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡು, ಕನ್ನಡಕ ಮೂಗಿಗೇರಿಸಿ, ಡಬ್ಬಿಯ ಮೇಲೆ ಒತ್ತುತ್ತಿದ್ದಳು. ಡಬ್ಬಿ ಕುಣಿದು ಬಾಯಿ ತೆರೆಯುತ್ತಿತ್ತು. ಒಳಗೆ ಒಂದು ದಿನ ಟೋಪಿ, ಒಂದು ದಿನ ಬೂಟು, ಇನ್ನೊಂದು ದಿನ ಎಲ್ಲಿಯೂ ಸಲ್ಲದ ರೆಕ್ಕೆ. ಗುಬ್ಬಿಯ ಗೊಂಬೆಗೆ ನೀಲಿ ಕೂದಲು, ಹರಿದ ಪ್ಯಾಂಟು. ಒಂದು ವಾರ ಅದನ್ನು ನೋಡಿ ನೋಡಿ ಅಜ್ಜಿಗೆ ತಡೆಯಲಾಗಲಿಲ್ಲ.

“ಲೇ ಗುಬ್ಬಿ, ಇದಕ್ಕೆ ಹರಿದದ್ದು ಯಾಕೆ ಹಾಕಿದೀಯ? ಇದರ ಬೀರು ತುಂಬ ಬಟ್ಟೆ ಇದೆಯಲ್ಲ.”

“ಅದು ಫ್ಯಾಷನ್ನು. ನಿಂಗೆ ಬೇಡ ಅಂದ್ರೆ ನಿಂದೇ ಒಂದು ಮಾಡ್ಕೋ.”

ಗುಬ್ಬಿ ಎರಡು ನಿಮಿಷದಲ್ಲಿ ಹೊಸ ಗೊಂಬೆಯ ಪುಟ ತೆಗೆದುಕೊಟ್ಟಳು. ಮೂಗು ಆರಿಸು, ಕಣ್ಣು ಆರಿಸು, ಕೂದಲು ಆರಿಸು. ಅಜ್ಜಿ ತುಂಬಾ ಯೋಚಿಸಿ ಕತ್ತಿನವರೆಗೆ ಕತ್ತರಿಸಿದ ಕೂದಲು ಆರಿಸಿದಳು, ಗಲ್ಲದ ಮೇಲೆ ತನ್ನದರಂತೆಯೇ ಒಂದು ಮಚ್ಚೆ ಇಟ್ಟಳು. ಹೆಸರು ಕೇಳಿದಾಗ ಏನೂ ಹೊಳೆಯದೆ “ಇಸ್ತ್ರಿ” ಅಂದಳು. ಗುಬ್ಬಿ ನಕ್ಕು ಅದನ್ನೇ ಬರೆದಳು. ಆಮೇಲೆ ಮೊಮ್ಮಗಳು ಆ ಆಟ ಮರೆತು ಗೆಳತಿಯರ ಜೊತೆ ಬೇರೇನೋ ಹಚ್ಚಿಕೊಂಡಳು. ಆ ವಯಸ್ಸೇ ಹಾಗೆ. ಆದರೆ ಅಜ್ಜಿ ಮರೆಯಲಿಲ್ಲ.

ಆಟ ಏನು ದೊಡ್ಡದಲ್ಲ. ದಿನಕ್ಕೊಂದು ಸಂದರ್ಭ ಕೊಡುತ್ತಾರೆ. ಮಳೆಯಲ್ಲಿ ನಡೆಯಲು, ರೈಲು ಹತ್ತಲು, ಗೆಳತಿಯ ಮನೆಗೆ ಹೋಗಲು ಗೊಂಬೆಯನ್ನು ಸಿಂಗರಿಸಬೇಕು. ಗುರುತಿಲ್ಲದ ಯಾರ್ಯಾರೋ ನೋಡಿ ಒಂದರಿಂದ ಐದರವರೆಗೆ ಚುಕ್ಕಿ ಕೊಡುತ್ತಾರೆ. ಅಜ್ಜಿಗೆ ಒಂದರ ಮೇಲೆ ಚುಕ್ಕಿ ಬೀಳುತ್ತಿರಲಿಲ್ಲ. ನೇರಳೆ ಕೋಟಿಗೆ ರಬ್ಬರ್ ಬೂಟು ಹಾಕಿ, ಮೇಲೆ ಕಿತ್ತಳೆ ಟೋಪಿ ಇಟ್ಟರೆ ಯಾರು ತಾನೇ ಮೆಚ್ಚುತ್ತಾರೆ?

“ಒಂದೇ ಕೊಟ್ಟಿದಾರೆ ನೋಡು, ಕಣ್ಣಿಲ್ಲದೋರು,” ಎಂದು ಒಬ್ಬಳೇ ಗೊಣಗಿಕೊಂಡು ಮತ್ತೆ ಗೊಂಬೆಯ ಬೀರು ತೆರೆಯುತ್ತಿದ್ದಳು. ಚುಕ್ಕಿಗಾಗಿ ಬಣ್ಣ ಬಿಡಲು ಅವಳು ತಯಾರಿರಲಿಲ್ಲ. ಕೊನೆಗೆ ಬಹಳ ದಿನ ಕಾದು ಒಂದು ಹಳದಿ ಕೋಟು ಸಂಪಾದಿಸಿದಳು. ಮೊಣಕಾಲು ದಾಟುವಷ್ಟು ಉದ್ದ, ದೊಡ್ಡ ದೊಡ್ಡ ಗುಂಡಿ. ಅದನ್ನು ತೊಟ್ಟ ಗೊಂಬೆ ಆಟದೊಳಗಿನ ಚೌಕದಲ್ಲಿ ಓಡಾಡುತ್ತಿತ್ತು. ಅಲ್ಲಿ ಬೇರೆ ಗೊಂಬೆಗಳು ಎದುರಾಗಿ “ಕೋಟು ಚೆನ್ನಾಗಿದೆ” ಅನ್ನುತ್ತಿದ್ದವು. ಅಜ್ಜಿ ಒಂದೊಂದೇ ಅಕ್ಷರ ಹುಡುಕಿ “ಥ್ಯಾಂಕ್ಸ್” ಒತ್ತುವಷ್ಟರಲ್ಲಿ ಅವು ಎಲ್ಲಿಗೋ ಹೋಗಿರುತ್ತಿದ್ದವು.

ಮನೆಯಲ್ಲಿ ಒಂದೊಂದೇ ಕೈತಪ್ಪತೊಡಗಿತು. ಒಂದು ದಿನ ಬೀನ್ಸ್ ತಳ ಹತ್ತಿ ಕರಿ ಆಯಿತು.

“ಗ್ಯಾಸು ಉರಿ ಒಂದೇ ಸಮ ಬರ್ತಿಲ್ಲ,” ಎಂದಳು.

ಮತ್ತೊಂದು ದಿನ ಬ್ರೆಡ್ ಇಲ್ಲ, ಮೊಟ್ಟೆ ಇಲ್ಲ. ಅಂಗಡಿ ಮುಚ್ಚಿತ್ತು ಅಂದಳು. ಅಂಗಡಿ ಮುಚ್ಚಿರಲಿಲ್ಲ. ಅದೇ ದಾರಿಯಲ್ಲಿ ಬಂದ ಸೊಸೆಗೆ ಅದು ಗೊತ್ತಿತ್ತು, ಆದರೂ ಮಾತಾಡಲಿಲ್ಲ. ಆಮೇಲೆ ಮಗನ ಡಿಪೋ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಕಂದಾಗಿ ಕೂತಿತು. ಜೀವಮಾನವೆಲ್ಲ ಬಿಸಿ ಕಬ್ಬಿಣ ಹಿಡಿದವಳ ಕೈಯಲ್ಲಿ ಬಟ್ಟೆ ಸುಟ್ಟದ್ದು ಅದೇ ಮೊದಲು.

ಮಗ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದ. “ಏನಮ್ಮ ಇದು?”

“ಪೆಟ್ಟಿಗೆ ಹಳೇದಾಯ್ತು.”

“ಕೈ ನಡುಗ್ತಿದೆಯಾ? ಡಾಕ್ಟರ ಹತ್ರ ಹೋಗೋಣ್ವಾ?”

“ಕೈಗೇನು ಧಾಡಿ. ಪೆಟ್ಟಿಗೆಗೆ ವಯಸ್ಸಾಗಿದೆ ಅಂದ್ನಲ್ಲ.”

ಮಗ ಮಾತು ಬೆಳೆಸಲಿಲ್ಲ. ಅಮ್ಮನಿಗೆ ವಯಸ್ಸಾಯಿತೆಂದು ಒಳಗೊಳಗೇ ಮರುಗಿ, ಆ ವಾರ ನೀರಿನ ಕ್ಯಾನು ತಾನೇ ಹೊತ್ತು ತಂದ. ಅದು ಅಜ್ಜಿಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಆದರೂ ಮರುದಿನ ಮಧ್ಯಾಹ್ನ ಕನ್ನಡಕ ಮೂಗಿಗೇರಿತು.

ಮುಂದಿನ ಪರೀಕ್ಷೆಯಲ್ಲಿ ಗುಬ್ಬಿ ಗಣಿತದಲ್ಲಿ ಪೂರ್ತಿ ಮುಗ್ಗರಿಸಿದಳು. ವಿಷಯ ತಿಳಿದ ಸಂಜೆ ಎಲ್ಲರೂ ಮೇಜಿನ ಸುತ್ತ ಇದ್ದರು. ಅಷ್ಟರಲ್ಲಿ ಫ್ರಿಜ್ಜಿನ ಮೇಲಿಟ್ಟಿದ್ದ ಅಜ್ಜಿಯ ಫೋನು ಗೆಜ್ಜೆಯಂತೆ ಸದ್ದು ಮಾಡಿತು. ಸೊಸೆ ಕೈಚಾಚಿ ತೆಗೆದಳು. ಪರದೆಯ ಮೇಲೆ ಬಣ್ಣಬಣ್ಣದ ಅಕ್ಷರ: ನಿಮ್ಮ ಗೊಂಬೆ ನಿಮಗಾಗಿ ಕಾಯುತ್ತಿದೆ.

“ಇದೇನಿದು?” ಎಂದು ಒತ್ತಿದಳು. ಚೌಕ ತೆರೆಯಿತು, ಬೀರು ತೆರೆಯಿತು, ಸಾಲುಸಾಲು ಕೋಟು, ಟೋಪಿ, ಬೂಟು. “ಓಹೋ. ನಾನು ಬೀರುಗೆ ಬೀಗ ಹಾಕ್ದೆ, ಇವಳು ಅಜ್ಜಿ ಫೋನಲ್ಲಿ ಸಂಸಾರ ಹೂಡಿದಾಳೆ. ನೋಡಿ, ನೋಡಿ ನಿಮ್ಮ ಮಗಳ ಓದು.”

ಮಗ ಫೋನು ಕಸಿದುಕೊಂಡು ನೋಡಿದ. “ಎಷ್ಟು ದಿನದಿಂದ ಇದು?”

“ನಾನು ಆಡಲ್ಲ ಅಪ್ಪ. ಹಾಕಿದ್ದು ನಾನೇ. ಆದ್ರೆ ಈಗ ಮುಟ್ಟೋದೂ ಇಲ್ಲ.”

“ಮತ್ತೆ ಈ ರಾಶಿ ಬಟ್ಟೆ ತಾನಾಗೇ ಬಂತಾ?”

ಗುಬ್ಬಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಅನ್ನದ ಪಾತ್ರೆಯ ಮುಂದೆ ನಿಂತಿದ್ದಳು, ಕೈಯಲ್ಲಿ ಸೌಟು.

“ಅಜ್ಜಿ ಆಡ್ತಾಳೆ,” ಎಂದಳು ಗುಬ್ಬಿ.

ಗುಬ್ಬಿಯ ಕೆನ್ನೆಗೆ ಏಟು ಬಿತ್ತು. ಮಗ ಅದುವರೆಗೆ ಮಗಳ ಮೇಲೆ ಕೈ ಎತ್ತಿದವನಲ್ಲ. ಎತ್ತಿದ ಕೈಯನ್ನು ತಾನೇ ನೋಡಿಕೊಂಡು ನಿಂತ, ದನಿ ಮಾತ್ರ ಇಳಿಯಲಿಲ್ಲ.

“ಓದಲಿಲ್ಲ ಅನ್ನು, ಸೋಂಬೇರಿ ಅನ್ನು, ಸಹಿಸ್ಕೋತೀನಿ. ಅಜ್ಜಿ ಮೇಲೆ ಹಾಕ್ತೀಯಾ? ನೆಟ್ಟಗೆ ಕಣ್ಣು ಕಾಣದ ಮುದುಕಿ ಗೊಂಬೆ ಆಡ್ತಾಳಾ? ನಾಚ್ಕೆ ಆಗಲ್ವಾ?”

“ಕೇಳಪ್ಪ ಅವಳನ್ನೇ,” ಎಂದಳು ಗುಬ್ಬಿ. ಕೆನ್ನೆ ಹಿಡಿದುಕೊಳ್ಳಲಿಲ್ಲ, ಅಳಲಿಲ್ಲ. “ಅಜ್ಜಿ, ಹೇಳು.”

ಅಜ್ಜಿ ಹೇಳಬೇಕೆಂದು ಬಾಯಿ ತೆರೆದಳು. ಮಗ “ಮುದುಕಿ ಗೊಂಬೆ ಆಡ್ತಾಳಾ” ಅಂದ ರೀತಿ ಕಿವಿಯಲ್ಲೇ ಇತ್ತು. ಫೋನು ಹಿಡಿದರೆ ಬದುಕು ಹಾಳು ಎಂದು ಊಟ ಊಟಕ್ಕೂ ಬುದ್ಧಿ ಹೇಳುತ್ತಿದ್ದ ಬಾಯಿ ತನ್ನದೇ.

“ಅನ್ನ ಆರ್ತಿದೆ,” ಎಂದಳು. “ಎಲ್ಲಾರೂ ಮೊದಲು ಊಟ ಮಾಡಿ.”

ಗುಬ್ಬಿ ತಟ್ಟೆ ಸರಿಸಿ ಎದ್ದುಹೋದಳು.

ಆ ಸಂಜೆಯೇ ಮಗ ಅಜ್ಜಿಯ ಫೋನಿನಿಂದ ಆಟ ಅಳಿಸಿಹಾಕಿದ. “ಇನ್ನು ನಿನ್ನ ಫೋನು ಅವಳ ಕೈಗೆ ಕೊಡ್ಬೇಡಮ್ಮ,” ಎಂದ. ಅಜ್ಜಿ ತಲೆಯಾಡಿಸಿದಳು.

ಗುಬ್ಬಿ ಅಂದಿನಿಂದ ಅಜ್ಜಿಯ ಜೊತೆ ಮಾತು ಬಿಟ್ಟಳು. ಜಗಳ ಇಲ್ಲ, ಸಿಡುಕು ಇಲ್ಲ, ಮಾತೇ ಇಲ್ಲ. ಬೆಳಗ್ಗೆ ತನ್ನ ಸಮವಸ್ತ್ರಕ್ಕೆ ತಾನೇ ಇಸ್ತ್ರಿ ಮಾಡಿಕೊಂಡಳು. ಸುಕ್ಕು ಹಾಗೇ ಉಳಿಯುತ್ತಿತ್ತು, ಆದರೂ ಕೊಡುತ್ತಿರಲಿಲ್ಲ. ತಟ್ಟೆಗೆ ಬಡಿಸಲು ಹೋದರೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ತಾನೇ ಬಡಿಸಿಕೊಂಡಳು. ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು.

“ನಿನ್ನ ಇಷ್ಟದ ಆಲೂಗೆಡ್ಡೆ ಹುರಿದಿದೀನಿ,” ಎಂದರೆ, “ಅಮ್ಮ, ನಂಗೆ ಹಸಿವಿಲ್ಲ” ಎಂದು ಪಕ್ಕದಲ್ಲಿದ್ದ ಅಮ್ಮನಿಗೆ ಉತ್ತರ.

ಇದನ್ನು ಮಗ ಹಟಮಾರಿತನ ಅಂದುಕೊಂಡ. ಅಕ್ಕನಿಗೆ ಫೋನು ಮಾಡಿದ. ಅಕ್ಕ ಅಂದರೆ ಅಜ್ಜಿಯ ಹಿರಿಯ ಮಗಳು, ಮೂರು ತಾಸು ದೂರದ ಊರಿನಲ್ಲಿ ಶಾಲೆಯ ಟೀಚರು. ಗುಬ್ಬಿ ಅವಳನ್ನು ಟೀಚರತ್ತೆ ಅನ್ನುತ್ತಿದ್ದಳು. ಟೀಚರತ್ತೆಯ ಮನೆಯಲ್ಲಿ ಗಡಿಯಾರ ನೋಡಿ ಏಳುವುದು, ಗಡಿಯಾರ ನೋಡಿ ತಿನ್ನುವುದು. ಒಂಟಿ ಹೆಂಗಸು, ಒಂಟಿ ಮಂಚ, ಗೋಡೆ ತುಂಬ ಪುಸ್ತಕ.

“ಈ ವರ್ಷ ಅಲ್ಲೇ ಇರ್ಲಿ ಅಕ್ಕ. ನಿನ್ನ ಸ್ಕೂಲಿಗೇ ಸೇರಿಸ್ಕೋ. ಸುಳ್ಳು ಹೇಳೋದು ಕಲ್ತಿದಾಳೆ, ಅದೂ ಅಮ್ಮನ ಮೇಲೆ.”

ಫೋನಿನ ಸ್ಪೀಕರಿನಿಂದ ಟೀಚರತ್ತೆಯ ದನಿ ಬಂತು. “ಹುಡುಗಿ ಹತ್ರ ಸರಿಯಾಗಿ ಕೂತು ಕೇಳಿದ್ಯಾ?”

“ಕೇಳೋದೇನಿದೆ? ಕಣ್ಣಾರೆ ನೋಡಿದೀವಿ.”

ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಆ ಮನೆಯ ಶಿಸ್ತು ಅವಳಿಗೆ ಗೊತ್ತು. ಎರಡು ದಿನಕ್ಕೆಂದು ಹೋದವಳು ಒಂದು ದಿನಕ್ಕೇ ನೆಪ ಹೇಳಿ ಬಂದಿದ್ದಳು.

ಮಾರನೆಯ ಸಂಜೆ ಸೊಸೆ ಪಾತ್ರೆ ತೊಳೆಯುತ್ತಿದ್ದಳು, ಅಜ್ಜಿ ಒರೆಸಿ ಜೋಡಿಸುತ್ತಿದ್ದಳು. ಮಗ ಡಿಪೋದಿಂದ ಬಂದಿರಲಿಲ್ಲ, ಗುಬ್ಬಿ ಕೋಣೆಯಲ್ಲಿದ್ದಳು. ಅಜ್ಜಿ ಗಂಟಲು ಸರಿಮಾಡಿಕೊಂಡಳು.

“ನಿನ್ನ ಹತ್ರ ಒಂದು ಮಾತಾಡ್ಬೇಕಿತ್ತು.”

ಸೊಸೆ ತಿರುಗಲಿಲ್ಲ. “ಬೇಡ ಅತ್ತೆ.”

“ಏನಂತ ಗೊತ್ತಿಲ್ಲದೇನೇ ಬೇಡ ಅಂತೀಯಲ್ಲ.”

“ಗೊತ್ತು. ನೀವು ಬಾಯಿಬಿಟ್ಟು ಹೇಳಿದ್ರೆ ನಾನು ಕೇಳ್ದೋಳಾಗ್ತೀನಿ. ಹೇಳ್ಬೇಡಿ.”

ಅಜ್ಜಿಯ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. “ಯಾವಾಗಿಂದ ಗೊತ್ತು?”

“ಆ ದಿನವೇ. ಗೊಂಬೆ ಗಲ್ಲದ ಮೇಲೆ ಮಚ್ಚೆ ನೋಡಿದ್ನಲ್ಲ.” ಸೊಸೆ ನಲ್ಲಿ ಸಣ್ಣಗೆ ಮಾಡಿದಳು. “ಬೆರಳಿಟ್ಟು ಒತ್ತೋವಾಗ್ಲೂ ಗೊತ್ತಿರ್ಲಿಲ್ಲ. ಇವಳೇ ಅಂತ ಕೂಗಾಡಿಬಿಟ್ಟೆ. ಆಮೇಲೆ ನೋಡ್ದೆ. ಅಷ್ಟರಲ್ಲಿ ಇವರು ಹೊಡೆದಾಗಿತ್ತು.”

“ಗೊತ್ತಿದ್ದೂ ಸುಮ್ನಿದ್ಯಾ? ಹೆತ್ತೋಳು ನೀನು.”

“ನೀವು ಸುಮ್ನಿರ್ಲಿಲ್ವಾ?” ದನಿ ಎತ್ತರಿಸದೆ ಅಂದಳು, ಅದಕ್ಕೇ ಅದು ಆಳಕ್ಕೆ ಇಳಿಯಿತು. “ನಾನು ಹೇಳಿದ್ರೆ ಏನಾಗ್ತಿತ್ತು? ಇವರು ನಿಮ್ಮ ಮೇಲೆ ಹರಿಹಾಯ್ತಿದ್ರು. ನೀವು ಮುಖ ಊದಿಸ್ಕೊಂಡು ಗಂಟು ಕಟ್ತಿದ್ರಿ. ಆಮೇಲೆ ಈ ಮನೆ ಯಾರು ನೋಡ್ಕೋತಾರೆ? ನಾನು ಕೌಂಟರು ಬಿಟ್ಟು ಒಲೆ ಮುಂದೆ ಕೂರ್ಲಾ? ಅವಳು ಅಲ್ಲಿಗೆ ಹೋದ್ರೆ ನಾಲ್ಕಕ್ಷರ ಆದ್ರೂ ತಲೆಗೆ ಹತ್ತತ್ತೆ. ಹೋಗ್ಲಿ ಬಿಡಿ. ಒಂದು ವರ್ಷ.”

“ಸುಳ್ಳುಗಾತಿ ಅನ್ನಿಸ್ಕೊಂಡು ಹೋಗ್ಬೇಕಾ?”

ಸೊಸೆ ಒಂದೇ ಪಾತ್ರೆಯನ್ನು ಎರಡನೇ ಸಲ ತೊಳೆದಳು.

ಟೀಚರತ್ತೆ ಬಂದದ್ದು ಭಾನುವಾರ ಬೆಳಗ್ಗೆ. ಕೈಯಲ್ಲಿ ಚಿಕ್ಕ ಚೀಲ, ನೆಟ್ಟಗಿನ ಬೆನ್ನು. ಬಂದವಳೇ ಗುಬ್ಬಿಯ ತಲೆ ಸವರಿ, ತಮ್ಮನ ಕೈಯಿಂದ ಟೀ ತೆಗೆದುಕೊಂಡು ಮೇಜಿನ ಮುಂದೆ ಕೂತಳು. ಗುಬ್ಬಿಯ ಬ್ಯಾಗು ಬಾಗಿಲ ಬಳಿ ತಯಾರಾಗಿತ್ತು. ಅಜ್ಜಿ ಬ್ರೆಡ್ ಸುಟ್ಟು, ಮೊಟ್ಟೆ ಬೇಯಿಸಿ ತಂದಿಟ್ಟಳು. ಟೀಚರತ್ತೆ ಒಂದು ಮೊಟ್ಟೆಯ ಸಿಪ್ಪೆ ಸುಲಿದು ಗುಬ್ಬಿಯ ತಟ್ಟೆಗಿಟ್ಟಳು.

ಅಜ್ಜಿ ಕೂರದೆ ನಿಂತೇ ಇದ್ದಳು.

“ಆಡ್ತಿದ್ದದ್ದು ನಾನು,” ಎಂದಳು.

“ಏನು?” ಎಂದ ಮಗ.

“ಆ ಗೊಂಬೆ ಆಟ. ಗುಬ್ಬಿ ಆಡ್ಲಿಲ್ಲ. ಅವಳು ನಿಜಾನೇ ಹೇಳಿದ್ದು. ನಾನೇ ಬಾಯಿ ಹೊಲ್ಕೊಂಡು ನಿಂತಿದ್ದೆ.”

ಮಗ ನಕ್ಕ, ಬೇಸರದ ನಗು. “ಅಮ್ಮ, ಮೊಮ್ಮಗಳನ್ನ ಉಳಿಸ್ಕೊಳ್ಳೋಕೆ ಇಷ್ಟು ಕೆಳಗೆ ಇಳಿಬೇಡ. ಒಂದೇ ವರ್ಷ. ರಜಕ್ಕೆ ಬರ್ತಾಳೆ.”

“ಸುಳ್ಳಲ್ಲ ಕಣೋ.”

“ಮೆಸೇಜು ಓದೋಕೇ ಗುಬ್ಬೀನ ಕರೀತಿದ್ದೆ ನೀನು. ಬಟ್ಟೆ ಬದಲಾಯಿಸೋ ಆಟ ಆಡ್ತಿದ್ಯಾ? ಕೂತ್ಕೊ. ಟೀ ಕುಡಿ.”

ಅಜ್ಜಿ ಸೊಸೆಯ ಕಡೆ ನೋಡಿದಳು. ಸೊಸೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು, ಅಂಚಿನಿಂದ ಅಂಚಿಗೆ, ಬಹಳ ನಿಧಾನವಾಗಿ. ಕತ್ತೆತ್ತಲಿಲ್ಲ. ಅಜ್ಜಿ ಅವಳ ಹೆಸರೆತ್ತಲಿಲ್ಲ. ಒಳಗೆ ಹೋಗಿ ಫೋನು ತಂದು ಗುಬ್ಬಿಯ ಮುಂದಿಟ್ಟಳು.

“ಅದನ್ನ ಮತ್ತೆ ಹಾಕಿಕೊಡು. ತೋರಿಸ್ತೀನಿ.”

ಗುಬ್ಬಿ ಕೈಕಟ್ಟಿ ಕೂತಳು. ಎಷ್ಟೋ ದಿನದ ಮೇಲೆ ಅಜ್ಜಿಗೆ ಅವಳಿಂದ ಬಂದ ಮೊದಲ ಮಾತು ಇದು. “ನಾನು ಮುಟ್ಟಲ್ಲ. ಮುಟ್ಟಿದ್ರೆ ನಾನೇ ಹೇಳ್ಕೊಟ್ಟೆ ಅಂತಾರೆ.”

“ಕೊಡಮ್ಮ ಇಲ್ಲಿ,” ಎಂದಳು ಟೀಚರತ್ತೆ.

ಅಜ್ಜಿ ಹೇಳುತ್ತ ಹೋದಳು, ಟೀಚರತ್ತೆ ಒತ್ತುತ್ತ ಹೋದಳು. ಆಟ ಇಳಿದು ಬರುವವರೆಗೆ ಎಲ್ಲರೂ ಕಾದರು. ಮಗ ಮಾತ್ರ ಕುರ್ಚಿಯಲ್ಲಿ ಎರಡು ಸಲ ಕೂತ ಜಾಗ ಬದಲಾಯಿಸಿದ. ಫೋನ್ ನಂಬರು ಹಾಕಿದ್ದೇ ತಡ, ಚೌಕ ತೆರೆಯಿತು. ಹಳದಿ ಕೋಟಿನ ಗೊಂಬೆ ಬಿಟ್ಟಲ್ಲಿಯೇ ನಿಂತಿತ್ತು. ತಲೆಯ ಮೇಲೆ ಹೆಸರು: ಇಸ್ತ್ರಿ.

ಅಜ್ಜಿ ಕನ್ನಡಕ ಹಾಕಿಕೊಂಡು ಫೋನು ಕೈಗೆ ತೆಗೆದುಕೊಂಡಳು. ಹೆಬ್ಬೆರಳು ಅತ್ತಿತ್ತ ಓಡಿತು. ಬೀರು ತೆರೆದಳು, ಬೂಟು ಬದಲಾಯಿಸಿದಳು, ಟೋಪಿ ತೆಗೆದಳು. ಯಾವ ಮೂಲೆಯಲ್ಲಿ ಏನಿದೆಯೆಂದು ಹುಡುಕಬೇಕಾಗಿಯೇ ಬರಲಿಲ್ಲ. ಕೆಳಗಡೆ ಯಾರೋ ಬರೆದರು: “ಇಸ್ತ್ರಿ ಬಂದ್ರು. ಎಲ್ಲಿ ಹೋಗಿದ್ರಿ ಇಷ್ಟು ದಿನ?”

ಅಜ್ಜಿ ಒಂದೊಂದೇ ಅಕ್ಷರ ಒತ್ತಿದಳು. “ಮನೆಲಿ ಕೆಲಸ.”

ಟೀಚರತ್ತೆ ಬಗ್ಗಿ ನೋಡುತ್ತಿದ್ದಳು. “ಇದನ್ನೆಲ್ಲ ಯಾವ ಹೊತ್ತಲ್ಲಿ ಆಡ್ತಿದ್ದೆ?”

“ಮಧ್ಯಾಹ್ನ. ಗುಬ್ಬಿ ಸ್ಕೂಲಲ್ಲಿ ಇರೋವಾಗ. ನೀನು ಒಂದ್ಸಲ ಫೋನು ಮಾಡಿದ್ಯಲ್ಲ, ಮಂಡಿ ನೋವು ಹೇಗಿದೆ ಅಂತ? ಒಲೆ ಮೇಲೆ ಪಾತ್ರೆ ಇದೆ ಅಂತ ಇಟ್ಟುಬಿಟ್ಟೆ. ಪಾತ್ರೆ ಇರ್ಲಿಲ್ಲ. ಆ ಕೋಟು ಕೈಗೆ ಸಿಗೋದರಲ್ಲಿತ್ತು.” ಮಗನ ಕಡೆ ತಿರುಗಿದಳು. “ನಿನ್ನ ಅಂಗಿ ಸುಟ್ಟದ್ದೂ ಇದರಿಂದ್ಲೇ. ಪೆಟ್ಟಿಗೆ ಚೆನ್ನಾಗೇ ಇದೆ.”

ಮಗ ಎದ್ದ. ಕಿಟಕಿಯವರೆಗೆ ಹೋಗಿ ಬೆನ್ನು ಮಾಡಿ ನಿಂತ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಅವನು ತಿರುಗಲಿಲ್ಲ.

“ನಾನು ಹೊಡೆದೆ,” ಎಂದ ಗುಬ್ಬಿಗೆ.

“ಹೂಂ,” ಎಂದಳು ಗುಬ್ಬಿ.

“ಕೇಳ್ಬೇಕಿತ್ತು. ಕೇಳ್ಲಿಲ್ಲ.”

“ಹೂಂ.”

ಅವನು ಬಾಗಿಲ ಬಳಿಯಿದ್ದ ಬ್ಯಾಗನ್ನು ಒಳಕ್ಕೆ ತರಲು ಬಗ್ಗಿದ. ಗುಬ್ಬಿ ಅದನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಅಮ್ಮನ ಮೇಲಿತ್ತು. ಇಷ್ಟೆಲ್ಲ ಆದರೂ ಒಂದು ಮಾತಾಡದ, ಫೋನಿನ ಕಡೆ ಒಮ್ಮೆಯೂ ತಿರುಗದ ಅಮ್ಮ.

“ಅಮ್ಮ, ನಿಂಗೆ ಗೊತ್ತಿತ್ತಾ?”

ಚಾಕು ಬ್ರೆಡ್ಡಿನ ಮೇಲೆ ನಿಂತಿತು.

“ಗೊತ್ತಿತ್ತಾ ಅಮ್ಮ?”

“ನೀನು ಅಲ್ಲಾದ್ರೂ ಓದ್ತೀಯ ಅಂತ…” ಎಂದಳು ಸೊಸೆ. ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು.

ಗುಬ್ಬಿ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು. ಎದ್ದು ಹೋಗಿ ಅಪ್ಪನ ಕೈಯಿಂದ ಬ್ಯಾಗು ಬಿಡಿಸಿಕೊಂಡಳು.

“ಟೀಚರತ್ತೆ, ಬಸ್ಸು ಎಷ್ಟೊತ್ತಿಗೆ?”

“ಈಗ ಬರಲೇಬೇಕು ಅಂತಿಲ್ಲ ಗುಬ್ಬಿ,” ಎಂದಳು ಟೀಚರತ್ತೆ. “ಶಿಕ್ಷೆ ಕೊಡೋಕೆ ಕರ್ಕೊಂಡು ಹೋಗೋಳಲ್ಲ ನಾನು. ನಿಂಗೆ ಬೇಕು ಅನ್ನಿಸಿದ್ರೆ ಬಾ.”

“ಬೇಕು. ನೀವೊಬ್ಬರೇ ಕೇಳಿದ್ದು, ಹುಡುಗಿ ಹತ್ರ ಕೂತು ಕೇಳಿದ್ಯಾ ಅಂತ. ನಂಗೆ ಕೇಳಿಸ್ತು.”

ಮಗ ಬಸ್ಸಿನವರೆಗೆ ಹೋದ. ಸೊಸೆ ಬಾಗಿಲವರೆಗೆ ಬಂದು ಗುಬ್ಬಿಯ ಭುಜಕ್ಕೆ ಕೈ ಹಾಕಿದಳು. ಗುಬ್ಬಿ ಅದನ್ನು ಕೊಡವಲೂ ಇಲ್ಲ, ಅದಕ್ಕೆ ಒರಗಲೂ ಇಲ್ಲ. ಅಜ್ಜಿ ಮೆಟ್ಟಿಲ ಮೇಲೆ ನಿಂತು ನೋಡಿದಳು. ಮೊಮ್ಮಗಳು ತಿರುಗಿ ನೋಡದೆ ಇಳಿದುಹೋದಳು.

ಆಮೇಲಿನ ವಾರಗಳಲ್ಲಿ ಮನೆ ಗಾಣದಂತೆ ನಡೆಯಿತು. ಮಗ ತನ್ನ ಅಂಗಿಗೆ ತಾನೇ ಇಸ್ತ್ರಿ ಮಾಡಿಕೊಳ್ಳತೊಡಗಿದ. ಅಮ್ಮನ ಮೇಲೆ ಸಿಟ್ಟು ಅಂತಲ್ಲ, ಬಿಡುವಿದ್ದ ಕೈಗೆ ಏನಾದರೂ ಬೇಕಾಗಿತ್ತು. ಅಕ್ಕನಿಗೆ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದ. ಗುಬ್ಬಿ ಅಪ್ಪನ ಜೊತೆ ನಾಲ್ಕು ಮಾತಾಡುತ್ತಿದ್ದಳು, ಅಮ್ಮ ಕೈಚಾಚುವಷ್ಟರಲ್ಲಿ ಓದುವುದಿದೆ ಅನ್ನುತ್ತಿದ್ದಳು. ಅತ್ತೆ ಸೊಸೆಯ ನಡುವೆ ಉಪ್ಪು ಕೊಡಿ, ನೀರು ಬಂತು, ಬೀಗ ಹಾಕಿದ್ಯಾ ಎಂಬಷ್ಟೇ ಮಾತು ಉಳಿಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಆಟ ಅಜ್ಜಿಯ ಫೋನಿನಲ್ಲಿ ಹಾಗೇ ಇತ್ತು. ತೆಗೆದುಹಾಕಲು ಅವಳಿಗೆ ಬರುತ್ತಿರಲಿಲ್ಲ. ತೆಗೆದುಕೊಡಿ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ. ಮಧ್ಯಾಹ್ನ ಗೆಜ್ಜೆ ಸದ್ದಾದಾಗ ಫೋನನ್ನು ಮಗುಚಿಟ್ಟು ಬಟ್ಟೆ ಮಡಚುತ್ತಿದ್ದಳು.

ಒಂದು ಮಧ್ಯಾಹ್ನ ಆ ಫೋನು ರಿಂಗಾಯಿತು. ಟೀಚರತ್ತೆಯ ನಂಬರು.

“ಹೇಳಮ್ಮ.”

“ನಾನು,” ಎಂದಿತು ಗುಬ್ಬಿಯ ದನಿ.

ಅಜ್ಜಿ ಮಂಚದ ಮೇಲೆ ಕೂತುಬಿಟ್ಟಳು. “ಹೇಳು ಮಗಾ. ಹೇಗಿದೀಯ? ಅತ್ತೆ ಬೈತಾಳಾ?”

“ಬೈಯಲ್ಲ. ಕೇಳ್ತಾರೆ. ಅದು ಇನ್ನೂ ಕಷ್ಟ,” ಎಂದಳು ಗುಬ್ಬಿ. “ಅಜ್ಜಿ, ಅವತ್ತು ನೀನು ಅಪ್ಪನ ಹತ್ರ ಹೇಳ್ದೆ. ಟೀಚರತ್ತೆ ಹತ್ರ ಹೇಳ್ದೆ. ಎಲ್ಲಾರ ಮುಂದೆ ಆಡಿ ತೋರಿಸ್ದೆ. ನನ್ನ ಹತ್ರ ಮಾತ್ರ ಏನೂ ಹೇಳ್ಲಿಲ್ಲ.”

ಅಜ್ಜಿ ಅಷ್ಟು ದಿನ ಎಲ್ಲವನ್ನೂ ಮನಸ್ಸಿನಲ್ಲಿ ಹಿಂದೆ ಮುಂದೆ ಹೊರಳಿಸಿದ್ದಳು, ಆದರೆ ಇದೊಂದು ಹೊಳೆದಿರಲಿಲ್ಲ.

“ತಪ್ಪು ಮಾಡ್ದೆ ಗುಬ್ಬಿ,” ಎಂದಳು. “ನಿನ್ನ ಕೆನ್ನೆಗೆ ಬಿದ್ದಾಗ ಬಾಯಿಬಿಡ್ಬೇಕಿತ್ತು. ಹೆದರ್ಕೊಂಡೆ.”

“ಅಪ್ಪನಿಗಾ?”

“ಅಲ್ಲ. ನಗ್ತಾರೆ ಅಂತ.”

“ಅಷ್ಟಕ್ಕೇನಾ?”

“ಅಷ್ಟಕ್ಕೇ.”

ಗುಬ್ಬಿ ಉಸಿರು ಬಿಟ್ಟದ್ದು ಕೇಳಿಸಿತು. “ಹೇಳೋಕೆ ತುಂಬಾ ದಿನ ತಗೊಂಡೆ ಅಜ್ಜಿ.”

“ಹೌದು.”

“ರಜಕ್ಕೆ ಬರ್ತೀನಿ. ನಿನ್ನ ರೂಮಲ್ಲಿ ಮಲಗಲ್ಲ. ಹಾಲಲ್ಲಿ ಮಲಗ್ತೀನಿ.”

“ಹಾಲಲ್ಲೇ ಮಲಗು. ಹಾಸಿಗೆ ಹಾಕಿಕೊಡ್ತೀನಿ.”

“ನಾನೇ ಹಾಕ್ಕೋತೀನಿ,” ಎಂದು ಗುಬ್ಬಿ ಫೋನಿಟ್ಟಳು.

ಸಂಜೆ ಸೊಸೆ ಕೆಲಸದಿಂದ ಬಂದು, ಚಪ್ಪಲಿ ಬಿಚ್ಚಿ, ಊದಿದ ಕಾಲನ್ನು ಒತ್ತಿಕೊಂಡು, ಎಂದಿನಂತೆ ಪಾತ್ರೆಯ ಮುಂದೆ ನಿಂತಳು. ಅಜ್ಜಿ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದಳು.

“ಗುಬ್ಬಿ ಫೋನು ಮಾಡಿದ್ಲು. ರಜಕ್ಕೆ ಬರ್ತಾಳಂತೆ.”

ಸೊಸೆಯ ಕೈ ನೀರಿನಲ್ಲೇ ನಿಂತಿತು. “ನಿಮಗೆ ಮಾಡಿದ್ಲಾ?”

“ನಂಗೆ.”

“ನನ್ನ ಹತ್ರ ಮಾತಾಡೋಕೆ ಅವಳಿಗೆ ಪುರುಸೊತ್ತಿಲ್ಲ.”

“ಆಡ್ಬೇಕಾದ ಮಾತು ಅವಳ ಹತ್ರ ಇಲ್ಲ. ನಿನ್ನ ಹತ್ರ ಇದೆ,” ಎಂದಳು ಅಜ್ಜಿ. “ಓದಿನ ಸುದ್ದಿ ತೆಗೀಬೇಡ. ಊಟ ತಿಂಡಿ ಕೇಳ್ಬೇಡ. ಮೊದಲು ಅದನ್ನ ಹೇಳು.”

“ಏನಂತ ಹೇಳ್ಲಿ ಅತ್ತೆ?”

“ಗೊತ್ತಿತ್ತು ಅಂತ.”

ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಸೊಸೆ ಅದನ್ನು ನಿಲ್ಲಿಸಿ, ಅಜ್ಜಿಯ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು ಬೆರಳು ಬೆರಳಿನ ಸಂದಿಯನ್ನೂ ಒರೆಸಿಕೊಂಡಳು.

“ನನ್ನ ನಂಬರು ನೋಡಿದ್ರೆ ಫೋನಿಗೆ ಬರಲ್ಲ ಅವಳು,” ಎಂದು ಕೈಚಾಚಿದಳು. “ನಿಮ್ಮ ಫೋನು ಕೊಡಿ.”